‘ಕ್ಯಾರಿ’ ಕಾದಂಬರಿಯಲ್ಲಿ ಹಾಸ್ಯವೂ ಭಯಾನಕವೂ

೧. ವಿಷಯಪ್ರವೇಶ

ಭಯವನ್ನುಂಟುಮಾಡುವ ವಸ್ತುವನ್ನು ಲೋಕದಲ್ಲಿ ಎಲ್ಲರೂ ದೂರವಿಡುವರು. ಕಾವ್ಯದಲ್ಲಿ ಅದನ್ನೇ ಅರಸಿಕೊಂಡು ಹೋಗುವರು. ಈ ವೈಚಿತ್ರ್ಯಕ್ಕೆ ಕಾರಣವೇನೆಂಬುದನ್ನು ಆಲಂಕಾರಿಕರು ರಸವಿಚಾರದ ಪ್ರಕರಣದಲ್ಲಿ ವಿಸ್ತಾರವಾಗಿ ಚರ್ಚಿಸಿರುವರು. ಲೌಕಿಕವಾದ ಭಯವು ‘ಇದು ನನ್ನದು’, ‘ಇದು ಅವನದು’ ಎಂಬ ಅಂಟಿನಿಂದ ಕೂಡಿ ದುಃಖಕ್ಕೆ ಕಾರಣವಾಗುವುದು. ಕಾವ್ಯದಲ್ಲಿ ಆ ಅಂಟು ಕಳಚಿಹೋಗಿ, ಭಯವೆಂಬ ಸ್ಥಾಯಿಭಾವವು ಆಸ್ವಾದಕ್ಕೆ ಯೋಗ್ಯವಾಗುವುದು. ಶಾಕುಂತಲ ನಾಟಕದ ಮೊದಲನೆಯ ಅಂಕದಲ್ಲಿ ದುಷ್ಯಂತನ ಬಾಣಕ್ಕೆ ಹೆದರಿ ಓಡುವ ಜಿಂಕೆಯನ್ನು ಅಭಿನವಗುಪ್ತಪಾದರು ಇದಕ್ಕೆ ನಿದರ್ಶನವಾಗಿ ಎತ್ತಿಕೊಂಡಿರುವುದು ಪ್ರಸಿದ್ಧವಾಗಿದೆ.

ಆದರೆ ಈ ಸಾಮಾನ್ಯಸಿದ್ಧಾಂತದಿಂದ ಒಂದು ಪ್ರಶ್ನೆಗೆ ಮಾತ್ರ ಉತ್ತರ ದೊರೆಯುವುದಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಭಯಾನಕವನ್ನೇ ಅಂಗಿಯಾಗಿ ಉಳ್ಳ ಕಥೆಗಳು ವರ್ಷವರ್ಷವೂ ಲೆಕ್ಕವಿಲ್ಲದಷ್ಟು ಪ್ರಕಟವಾಗುತ್ತಲಿವೆ. ಅವುಗಳಲ್ಲಿ ಬಹುಪಾಲು ಒಂದೆರಡು ವರ್ಷಗಳಲ್ಲಿಯೇ ಮರೆತುಹೋಗುವುವು. ಕೆಲವು ಮಾತ್ರ ತಲೆಮಾರಿನಿಂದ ತಲೆಮಾರಿಗೆ ಓದಲ್ಪಡುವುವು. ಈ ಭೇದಕ್ಕೆ ಕಾರಣವೇನು? ಅಮೇರಿಕಾ ಸಂಯುಕ್ತಸಂಸ್ಥಾನದ ಸ್ಟೀಫನ್ ಕಿಂಗ್ ಅವರು ಬರೆದ ‘ಕ್ಯಾರಿ’ ಎಂಬ ಕಾದಂಬರಿಯು ಈ ಪ್ರಶ್ನೆಯ ವಿಚಾರಕ್ಕೆ ಒಳ್ಳೆಯ ಉದಾಹರಣೆಯಾಗಿದೆ. ಅದು ೧೯೭೪ನೆಯ ಏಪ್ರಿಲ್ ೫ರಂದು ಪ್ರಕಟವಾಯಿತು. ಗ್ರಂಥಕರ್ತರ ಪ್ರಕಟಿತ ಕಾದಂಬರಿಗಳಲ್ಲಿ ಅದೇ ಮೊದಲನೆಯದು. ೨೦೨೪ಕ್ಕೆ ಅದಕ್ಕೆ ಐವತ್ತು ವರ್ಷ ತುಂಬಿತು. ಅದರಲ್ಲಿ ಹಾಳುಬಿದ್ದ ಕೋಟೆಯಿಲ್ಲ, ರಕ್ತವನ್ನು ಹೀರುವ ಪಿಶಾಚಿಯಿಲ್ಲ, ಸತ್ತವರ ಸಂಚಾರವಿಲ್ಲ. ಒಂದು ಸಣ್ಣ ಊರಿನ ಪಾಠಶಾಲೆಯಲ್ಲಿ ಎಲ್ಲರ ಅಪಹಾಸ್ಯಕ್ಕೂ ಗುರಿಯಾಗಿದ್ದ ಒಬ್ಬ ಹುಡುಗಿಯ ಕಥೆಯೇ ಅದರ ವಸ್ತು. ಇಷ್ಟು ಸಾಮಾನ್ಯವಾದ ವಸ್ತುವಿನಿಂದ ಇಷ್ಟು ದೀರ್ಘಕಾಲ ನಿಲ್ಲುವ ಭಯಾನಕವು ಹೇಗೆ ಹುಟ್ಟಿತೆಂಬುದನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ.

೨. ಗ್ರಂಥದ ಉತ್ಪತ್ತಿ

ಈ ಕಾದಂಬರಿಯನ್ನು ಬರೆಯುವ ಕಾಲದಲ್ಲಿ ಕಿಂಗ್ ಅವರು ಮೇಯ್ನ್ ಸಂಸ್ಥಾನದ ಹ್ಯಾಂಪ್ಡನ್ ಎಂಬ ಊರಿನ ಪಾಠಶಾಲೆಯಲ್ಲಿ ಇಂಗ್ಲಿಷಿನ ಉಪಾಧ್ಯಾಯರಾಗಿದ್ದರು. ಸಂಸಾರವು ಹರ್ಮನ್ ಎಂಬ ಗ್ರಾಮದಲ್ಲಿ ಚಕ್ರದ ಮೇಲಣ ಒಂದು ಇಕ್ಕಟ್ಟಾದ ಮನೆಯಲ್ಲಿ ವಾಸವಾಗಿತ್ತು. ಪತ್ರಿಕೆಗೆ ಸಣ್ಣ ಕಥೆಯಾಗಲೆಂದು ಮೂರು ಪುಟಗಳಷ್ಟು ಬರೆದು, ಅದು ತಮಗೆ ಒಗ್ಗದ ವಸ್ತುವೆಂದು ಅವರು ಕಸದ ಬುಟ್ಟಿಗೆ ಹಾಕಿಬಿಟ್ಟರು. ಪತ್ನಿಯಾದ ಟ್ಯಾಬಿತಾ ಅವರು ಆ ಹಾಳೆಗಳನ್ನು ಎತ್ತಿ, ಬೂದಿಯನ್ನು ಒದರಿ, ಓದಿ, ಕಥೆಯನ್ನು ಮುಂದುವರಿಸಬೇಕೆಂದು ಒತ್ತಾಯಮಾಡಿದರು. ಹೆಣ್ಣುಮಕ್ಕಳ ವಿಷಯದಲ್ಲಿ ತಿಳಿಯದುದನ್ನು ತಾವು ಹೇಳಿಕೊಡುವುದಾಗಿಯೂ ಮಾತುಕೊಟ್ಟರು. ಡಬಲ್‌ಡೇ ಎಂಬ ಪ್ರಕಾಶನಸಂಸ್ಥೆಯು ೨,೫೦೦ ಡಾಲರುಗಳ ಮುಂಗಡವನ್ನು ಕೊಟ್ಟು ಗ್ರಂಥವನ್ನು ಸ್ವೀಕರಿಸಿತು. ಮನೆಯ ಟೆಲಿಫೋನನ್ನು ಹಣದ ಅಭಾವದಿಂದ ತೆಗೆಸಿಬಿಟ್ಟಿದ್ದುದರಿಂದ ಈ ಸುದ್ದಿಯು ತಂತಿಯ ಮೂಲಕ ಬರಬೇಕಾಯಿತು. ಗಟ್ಟಿರಟ್ಟಿನ ಮೊದಲ ಆವೃತ್ತಿಯು ಸುಮಾರು ೧೩,೦೦೦ ಪ್ರತಿಗಳಷ್ಟೇ ಮಾರಾಟವಾಯಿತು. ಕಾಗದದ ಹೊದಿಕೆಯ ಸುಲಭಬೆಲೆಯ ಆವೃತ್ತಿಯ ಹಕ್ಕು ಮಾತ್ರ ೪,೦೦,೦೦೦ ಡಾಲರುಗಳಿಗೆ ಹೋಯಿತು. ೧೯೭೫ರಲ್ಲಿ ಹೊರಬಿದ್ದ ಆ ಆವೃತ್ತಿಯು ಒಂದು ವರ್ಷದೊಳಗಾಗಿ ಹತ್ತು ಲಕ್ಷಕ್ಕೂ ಮೇಲ್ಪಟ್ಟು ಖರ್ಚಾಯಿತು.

ಈ ವಿವರಗಳಿಗಿಂತಲೂ ಮುಖ್ಯವಾದ ಸಂಗತಿಯೊಂದುಂಟು. ೨೦೦೦ದಲ್ಲಿ ಪ್ರಕಟವಾದ ‘ಆನ್ ರೈಟಿಂಗ್’ ಎಂಬ ಗ್ರಂಥದಲ್ಲಿ ಕಿಂಗ್ ಅವರು ಈ ಕಥೆಯ ಬೀಜವು ತಮ್ಮ ವಿದ್ಯಾರ್ಥಿದೆಸೆಯಲ್ಲಿಯೇ ಬಿತ್ತಲ್ಪಟ್ಟಿತೆಂದು ತಿಳಿಸಿರುವರು. ಜೊತೆಯ ಹುಡುಗರೆಲ್ಲರೂ ಹೊರಗಿಟ್ಟಿದ್ದ ಇಬ್ಬರು ಹುಡುಗಿಯರನ್ನು ಅವರು ಕಂಡಿದ್ದರು. ಒಬ್ಬಳ ಮನೆಯಲ್ಲಿ ಆಳೆತ್ತರದ ಶಿಲುಬೆಯೊಂದಿದ್ದಿತು. ಇನ್ನೊಬ್ಬಳು ದಿನವೂ ಉಟ್ಟ ಬಟ್ಟೆಯನ್ನೇ ಉಟ್ಟುಕೊಂಡು ಬರುತ್ತಿದ್ದಳು. ಒಂದು ವರ್ಷ ಕ್ರಿಸ್ಮಸ್ ರಜವು ಮುಗಿದ ಮೇಲೆ ಈ ಎರಡನೆಯ ಹುಡುಗಿಯು ಹೊಸ ಬಟ್ಟೆಯನ್ನುಟ್ಟು, ತಲೆಗೂದಲನ್ನು ಸಿಂಗರಿಸಿಕೊಂಡು, ಮುಖವನ್ನರಳಿಸಿ ಶಾಲೆಗೆ ಬಂದಳಂತೆ. ಅಂದಿನಿಂದ ಅಪಹಾಸ್ಯವು ಕಡಮೆಯಾಗಲಿಲ್ಲ, ಮತ್ತಷ್ಟು ಹೆಚ್ಚಿತು. ಅವಳಿಗೆ ಗೊತ್ತುಮಾಡಿದ್ದ ಸ್ಥಾನದಿಂದ ಅವಳು ಮೇಲಕ್ಕೆ ಬರುವುದನ್ನು ಉಳಿದವರು ಸಹಿಸಲಿಲ್ಲ. ಕಾದಂಬರಿಯನ್ನು ಬರೆಯುವ ಹೊತ್ತಿಗೆ ಆ ಇಬ್ಬರೂ ಜೀವಂತರಾಗಿರಲಿಲ್ಲ. ತಮ್ಮ ಕಥಾನಾಯಿಕೆಯಲ್ಲಿ ತಮಗೆ ಮೊದಲು ಪ್ರೀತಿಯಿರಲಿಲ್ಲವೆಂದೂ, ಈ ಇಬ್ಬರ ನೆನಪಿನಿಂದಲೇ ಅವಳನ್ನು ಸ್ವಲ್ಪಮಟ್ಟಿಗೆ ಅರಿತು ಮರುಗಿದುದಾಗಿಯೂ, ಅವಳನ್ನು ಪೀಡಿಸಿದ ಸಹಪಾಠಿಗಳ ವಿಷಯದಲ್ಲಿಯೂ, ತಾವು ಒಂದು ಕಾಲದಲ್ಲಿ ಅವರಲ್ಲೊಬ್ಬರಾಗಿದ್ದುದರಿಂದ, ಮರುಕವುಂಟಾಯಿತೆಂದೂ ಗ್ರಂಥಕರ್ತರು ಒಪ್ಪಿಕೊಂಡಿರುವರು. ಈ ಒಪ್ಪಿಗೆಯನ್ನು ನೆನಪಿನಲ್ಲಿಡತಕ್ಕದ್ದು. ಕಥೆಯು ಪೀಡಿತಳ ಕಡೆಯಿಂದ ಮಾತ್ರ ಹುಟ್ಟಿದುದಲ್ಲವೆಂಬುದು ಇದರಿಂದ ತಿಳಿಯುವುದು.

೩. ಕಥಾಸಾರ

ಮೇಯ್ನ್ ಸಂಸ್ಥಾನದ ಚೇಂಬರ್ಲೇನ್ ಎಂಬ ಕಲ್ಪಿತ ಊರಿನಲ್ಲಿ ಕ್ಯಾರಿ ವೈಟ್ ಎಂಬ ಹದಿನಾರು ವರ್ಷದ ಹುಡುಗಿಯು ತಾಯಿಯೊಡನೆ ವಾಸಿಸುತ್ತಿರುವಳು. ತಾಯಿಯಾದ ಮಾರ್ಗರೆಟ್ಟಳು ಮತಾವೇಶದಿಂದ ಬುದ್ಧಿಯ ಸಮತೋಲವನ್ನು ಕಳೆದುಕೊಂಡವಳು. ದೇಹಧರ್ಮವೆಲ್ಲವೂ ಅವಳ ಪಾಲಿಗೆ ಪಾಪ. ಮಗಳು ತಪ್ಪುಮಾಡಿದಳೆಂದು ತೋರಿದಾಗಲೆಲ್ಲ ಅವಳನ್ನು ಕತ್ತಲೆಯ ಕಿರುಕೋಣೆಯಲ್ಲಿ ಕೂಡಿ ಪ್ರಾರ್ಥನೆಮಾಡಿಸುವಳು. ಹೆಣ್ಣುಮಕ್ಕಳು ಮೈನೆರೆಯುವರೆಂಬುದನ್ನು ಕೂಡ ಮಗಳಿಗೆ ತಿಳಿಸಿರುವುದಿಲ್ಲ. ಒಂದು ದಿನ ಶಾಲೆಯ ಸ್ನಾನದ ಮನೆಯಲ್ಲಿ ಕ್ಯಾರಿಯು ಋತುಮತಿಯಾಗಿ, ತಾನು ಸಾಯುತ್ತಿರುವೆನೆಂದೇ ಭ್ರಮಿಸಿ ಕೂಗಿಕೊಳ್ಳುವಳು. ಜೊತೆಯ ಹುಡುಗಿಯರು ಸುತ್ತಲೂ ನಿಂತು ನಗುತ್ತ ಅವಳ ಮೇಲೆ ವಸ್ತುಗಳನ್ನು ಎಸೆಯುವರು. ಕಾದಂಬರಿಯ ಮುಂದಿನ ಸಮಸ್ತ ವ್ಯಾಪಾರಕ್ಕೂ ಈ ನಗೆಯೇ ಮೂಲ.

ಕ್ಯಾರಿಗೆ ಮನಸ್ಸಿನ ಬಲದಿಂದಲೇ ಜಡವಸ್ತುಗಳನ್ನು ಚಲಿಸುವಂತೆ ಮಾಡುವ ಶಕ್ತಿಯು ಹುಟ್ಟಿನಿಂದ ಬಂದಿರುವುದು. ಹುಡುಗಿಯರಿಗೆ ವ್ಯಾಯಾಮದ ಉಪಾಧ್ಯಾಯಿನಿಯು ಶಿಕ್ಷೆಯನ್ನು ವಿಧಿಸುವಳು. ಕ್ರಿಸ್ ಹಾರ್ಗೆನ್ಸನ್ ಎಂಬವಳು ಶಿಕ್ಷೆಗೆ ಒಪ್ಪದೆ, ವರ್ಷಾಂತ್ಯದಲ್ಲಿ ನಡೆಯುವ ನೃತ್ಯೋತ್ಸವಕ್ಕೆ ಬರುವ ಹಕ್ಕನ್ನು ಕಳೆದುಕೊಂಡು ಸೇಡಿಗೆ ಹೊಂಚುಹಾಕುವಳು. ಸೂ ಸ್ನೆಲ್ ಎಂಬ ಇನ್ನೊಬ್ಬಳು ಮಾತ್ರ ತಾನೂ ನಕ್ಕೆನಲ್ಲಾ ಎಂದು ಪಶ್ಚಾತ್ತಾಪಪಟ್ಟು, ತನ್ನ ಪ್ರಿಯನಾದ ಟಾಮಿ ರಾಸ್ ಎಂಬವನನ್ನು ಕ್ಯಾರಿಯೊಡನೆ ಉತ್ಸವಕ್ಕೆ ಹೋಗುವಂತೆ ಕೇಳಿಕೊಳ್ಳುವಳು. ಕ್ಯಾರಿಯು ತನ್ನ ಕೈಯಿಂದಲೇ ಹೊಲಿದ ಕೆಂಪು ಮಕಮಲ್ಲಿನ ಉಡುಪನ್ನು ಧರಿಸಿ ಹೋಗುವಳು. ಆ ರಾತ್ರಿ ಅವಳು ಮೊದಲ ಬಾರಿಗೆ ನಾಲ್ವರ ನಡುವೆ ಒಬ್ಬಳಾಗಿ ಕುಳಿತು ಮಾತನಾಡುವಳು. ಅವಳನ್ನೂ ಟಾಮಿಯನ್ನೂ ಉತ್ಸವದ ರಾಣಿ, ರಾಜರನ್ನಾಗಿ ಆರಿಸಿ ವೇದಿಕೆಯ ಮೇಲೆ ಕೂರಿಸಿದ ಕ್ಷಣದಲ್ಲಿ, ಕ್ರಿಸ್ಸಳೂ ಅವಳ ಜೊತೆಗಾರನೂ ಮೇಲೆ ಕಟ್ಟಿಟ್ಟಿದ್ದ ಹಂದಿಯ ರಕ್ತದ ಬಾಲ್ದಿಗಳನ್ನು ಹಗ್ಗವನ್ನೆಳೆದು ಮಗುಚುವರು. ಸಭೆಯು ನಗುವುದು. ಕ್ಯಾರಿಯು ಹೊರಕ್ಕೆ ಓಡಿಹೋಗಿ, ಮತ್ತೆ ಹಿಂದಿರುಗಿ, ಬಾಗಿಲುಗಳನ್ನು ಬಂಧಿಸಿ, ಸಭೆಯನ್ನೂ ಅನಂತರ ಊರನ್ನೂ ಸುಡುವಳು. ಮನೆಗೆ ಬಂದ ಮಗಳನ್ನು ತಾಯಿಯು ಚೂರಿಯಿಂದ ಇರಿಯುವಳು. ಮಗಳು ತಾಯಿಯ ಹೃದಯದ ಬಡಿತವನ್ನು ನಿಲ್ಲಿಸುವಳು. ಗಾಯಗೊಂಡ ಕ್ಯಾರಿಯು ಕೊನೆಗೆ ಸೂ ಸ್ನೆಲ್ಲಳ ಎದುರಿನಲ್ಲಿ ಪ್ರಾಣಬಿಡುವಳು.

೪. ಎರಡು ಪೂರ್ವಪಕ್ಷಗಳು

ಈ ಕಥೆಯ ಆಕರ್ಷಣೆಗೆ ಅಲೌಕಿಕಶಕ್ತಿಯ ವರ್ಣನೆಯೇ ಕಾರಣವೆಂಬುದು ಮೊದಲನೆಯ ಪೂರ್ವಪಕ್ಷ. ಇದು ನಿಲ್ಲತಕ್ಕ ಮಾತಲ್ಲ. ಅಂಥ ಶಕ್ತಿಯನ್ನು ವರ್ಣಿಸಿದ ಕಥೆಗಳು ಈ ಕಾದಂಬರಿಗೆ ಮೊದಲೂ ಇದ್ದುವು, ಆಮೇಲೂ ಬಂದುವು. ಅವುಗಳಲ್ಲಿ ಬಹುಪಾಲು ಮರೆಯಾಗಿರುವಾಗ ಇದೊಂದು ಉಳಿದುದಕ್ಕೆ ಸರ್ವಸಾಧಾರಣವಾದ ಆ ಗುಣವು ಹೇತುವಾಗಲಾರದು. ಮೇಲಾಗಿ ಗ್ರಂಥಕರ್ತರು ಆ ಶಕ್ತಿಯನ್ನು ಗುಟ್ಟಾಗಿಯೂ ಇಟ್ಟಿಲ್ಲ. ಕ್ಯಾರಿಯು ಮೂರು ವರ್ಷದ ಮಗುವಾಗಿದ್ದಾಗ ಮನೆಯ ಮೇಲೆ ಕಲ್ಲುಗಳ ಮಳೆ ಸುರಿಯಿತೆಂಬ ಪತ್ರಿಕಾವಾರ್ತೆಯಿಂದಲೇ ಗ್ರಂಥವು ಪ್ರಾರಂಭವಾಗುವುದು. ಮುಂದೆ ಮಹಾನಾಶವೊಂದು ಸಂಭವಿಸುವುದೆಂಬುದನ್ನೂ ಮೊದಲಿನ ಪುಟಗಳಲ್ಲಿಯೇ ವಾಚಕರು ಅರಿತುಕೊಳ್ಳುವರು. ಆದುದರಿಂದ ‘ಮುಂದೇನಾಗುವುದೋ’ ಎಂಬ ಕುತೂಹಲದ ಮೇಲೆಯೂ ಗ್ರಂಥವು ನಿಂತಿಲ್ಲ. ‘ಇದು ತಪ್ಪಬಾರದಾಗಿತ್ತೇ’ ಎಂಬ ಸಂಕಟದ ಮೇಲೆ ನಿಂತಿದೆ.

ಪೀಡಿತಳು ಪೀಡಕರ ಮೇಲೆ ತೀರಿಸಿಕೊಳ್ಳುವ ಸೇಡಿನ ಸವಿಯೇ ಕಾರಣವೆಂಬುದು ಎರಡನೆಯ ಪೂರ್ವಪಕ್ಷ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಶಾಲೆಯಲ್ಲಿ ನೊಂದವರು ಈ ಗ್ರಂಥವನ್ನು ತಮ್ಮದೆಂದು ಎತ್ತಿಕೊಂಡುದು ಸಹಜವೇ ಆಗಿದೆ. ಆದರೆ ಸೇಡೇ ಮುಖ್ಯವಾಗಿದ್ದ ಪಕ್ಷದಲ್ಲಿ ದಂಡನೆಯು ತಪ್ಪಿತಸ್ಥರಿಗೆ ಮಾತ್ರ ತಗಲಬೇಕಾಗಿತ್ತು. ಇಲ್ಲಿ ಹಾಗಿಲ್ಲ. ಒಳ್ಳೆಯ ಮನಸ್ಸಿನಿಂದ ಬಂದ ಟಾಮಿಯು ಬಾಲ್ದಿಯ ಪೆಟ್ಟಿನಿಂದ ಮೊದಲೇ ಬೀಳುವನು. ಹಗ್ಗವನ್ನೆಳೆದ ಇಬ್ಬರು ಸಭೆಯಿಂದ ತಪ್ಪಿಸಿಕೊಂಡು ಹೋಗಿ ಕಟ್ಟಕಡೆಯಲ್ಲಿ ಸಾಯುವರು. ಅವರ ಹೆಸರನ್ನೂ ಕೇಳದ ನೂರಾರು ಮಂದಿ ಅಷ್ಟರಲ್ಲಿ ನಾಶವಾಗಿರುವರು. ಇಂಥ ಸೇಡಿನಿಂದ ತೃಪ್ತಿಯು ದೊರೆಯುವುದೆಂದರೆ ಸಹೃದಯರ ಅನುಭವಕ್ಕೆ ವಿರುದ್ಧವಾಗುವುದು.

೫. ಸಿದ್ಧಾಂತ

ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸಗಳಿಗೆ ಜನ್ಯಜನಕಭಾವವನ್ನು ಹೇಳಿರುವನು. ಶೃಂಗಾರದಿಂದ ಹಾಸ್ಯವೂ, ರೌದ್ರದಿಂದ ಕರುಣವೂ, ವೀರದಿಂದ ಅದ್ಭುತವೂ, ಬೀಭತ್ಸದಿಂದ ಭಯಾನಕವೂ ಹುಟ್ಟುವುದೆಂಬುದು ಅವನ ಮತ. ‘ಕ್ಯಾರಿ’ಯಲ್ಲಿ ರಕ್ತದ ಬೀಭತ್ಸವನ್ನು ಭಯಾನಕವು ಹಿಂಬಾಲಿಸುವುದು, ರೌದ್ರದ ಫಲವಾಗಿ ಕರುಣವು ಉಳಿಯುವುದು. ಇಷ್ಟರಮಟ್ಟಿಗೆ ಲಕ್ಷಣವು ಲಕ್ಷ್ಯಕ್ಕೆ ಹೊಂದುವುದು. ಆದರೂ ರಕ್ತವು ಬಿದ್ದುದರಿಂದ ಮಾತ್ರ ಅನರ್ಥವು ಸಂಭವಿಸಲಿಲ್ಲವೆಂಬುದು ಸೂಕ್ಷ್ಮವಾಗಿ ನೋಡಿದರೆ ತಿಳಿಯುವುದು. ರಕ್ತವು ಬಿದ್ದ ಮೇಲೆ ಸಭೆಯಲ್ಲಿ ಒಬ್ಬರಾದರೂ ಮುಂದೆ ಬಂದು ಅವಳ ಮುಖವನ್ನೊರಸಿದ್ದರೆ ಊರು ಉಳಿಯುತ್ತಿತ್ತೋ ಏನೋ. ಸಭೆಯು ನಕ್ಕಿತು. ಓಡುತ್ತಿದ್ದವಳಿಗೆ ಯಾರೋ ಕಾಲನ್ನು ಅಡ್ಡಕೊಟ್ಟರು; ಬಿದ್ದವಳನ್ನು ಕಂಡು ಮತ್ತೆ ನಕ್ಕರು. ಹೀಗೆ ಬೀಭತ್ಸಕ್ಕೂ ರೌದ್ರಕ್ಕೂ ನಡುವೆ ಹಾಸ್ಯವೊಂದು ಸಂಧಿಯಾಗಿ ನಿಂತಿದೆ. ಈ ಗ್ರಂಥದ ಭಯಾನಕಕ್ಕೆ ನಿಜವಾದ ವಿಭಾವವು ಆ ಹಾಸ್ಯವೇ ಆಗಿದೆ.

ಹಾಸ್ಯದಲ್ಲಿ ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತಗಳೆಂದು ಆರು ಭೇದಗಳನ್ನು ಭರತನು ಎಣಿಸಿ, ಕೊನೆಯ ಎರಡನ್ನು ಅಧಮಪ್ರಕೃತಿಗೆ ಸೇರಿಸಿರುವನು. ಅಸ್ಥಾನದಲ್ಲಿ, ಅರ್ಥಾತ್ ನಗಬಾರದೆಡೆಯಲ್ಲಿ, ಬರುವ ನಗೆಯು ಅಪಹಸಿತವೆನಿಸುವುದು. ಚೇಂಬರ್ಲೇನಿನ ಸಭೆಯಲ್ಲಿ ನಕ್ಕವರು ಎಲ್ಲರೂ ಅಧಮರೆಂದು ಗ್ರಂಥಕರ್ತರು ಹೇಳಿಲ್ಲ. ಅವರು ಸಾಮಾನ್ಯರಾದ ಮಕ್ಕಳು. ಹಾಗಾದರೆ ಅವರಿಗೆ ಆ ನಗೆ ಹೇಗೆ ಬಂದಿತು?

ಇದಕ್ಕೆ ಕಾದಂಬರಿಯೇ ಉತ್ತರವನ್ನು ಕೊಡುವುದು. ಬೆಂಕಿಯಿಂದ ಬದುಕಿ ಉಳಿದ ನಾರ್ಮಾ ವಾಟ್ಸನ್ ಎಂಬ ಪಾತ್ರವು ಪತ್ರಿಕೆಯೊಂದಕ್ಕೆ ತನ್ನ ಅನುಭವವನ್ನು ಬರೆದಂತೆ ಒಂದು ಭಾಗವಿದೆ. ಆ ಗಳಿಗೆಯಲ್ಲಿ ನಗುವುದು, ಇಲ್ಲವೆ ಅಳುವುದು, ಇವೆರಡೇ ಸಾಧ್ಯವಾಗಿದ್ದುವೆಂದೂ, ಅಷ್ಟು ವರ್ಷಗಳ ಮೇಲೆ ಕ್ಯಾರಿಗಾಗಿ ಅಳುವುದು ಯಾರಿಂದ ತಾನೆ ಆಗುತ್ತಿತ್ತೆಂದೂ ಅವಳು ಹೇಳುವಳು. ಗ್ರಂಥದ ಮರ್ಮವೆಲ್ಲವೂ ಈ ಮಾತಿನಲ್ಲಿ ಅಡಗಿದೆ. ಆ ನಗೆಯು ಸಂತೋಷದಿಂದ ಬಂದುದಲ್ಲ. ಬರಬೇಕಾಗಿದ್ದ ಕಣ್ಣೀರಿನ ಸ್ಥಾನವನ್ನು ಆಕ್ರಮಿಸಿಕೊಂಡು ಬಂದುದು.

ಅಭಿನವಗುಪ್ತಪಾದರು ಹಾಸ್ಯವಿಚಾರದಲ್ಲಿ ಹೇಳಿರುವ ಸೂಕ್ಷ್ಮವೊಂದು ಇಲ್ಲಿ ಬೆಳಕನ್ನು ಬೀರುವುದು. ಅನೌಚಿತ್ಯದಿಂದ ಪ್ರವೃತ್ತವಾದ ಯಾವ ಭಾವವೇ ಆಗಲಿ ಹಾಸ್ಯಕ್ಕೆ ವಿಭಾವವಾಗುವುದೆಂದು ಹೇಳಿ, ಯಾರು ಯಾರಿಗೆ ಬಂಧುವಲ್ಲವೋ ಅವರಿಗಾಗಿ ಪಡುವ ಶೋಕದಲ್ಲಿ ಕರುಣವೂ ಹಾಸ್ಯವೇ ಆಗಿಬಿಡುವುದೆಂಬ ಅಭಿಪ್ರಾಯವನ್ನು ಅವರು ಸೂಚಿಸಿರುವರು. ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದಲ್ಲಿ ಹೇಳಿದ ಈ ಮಾತಿಗೂ ಅಮೇರಿಕದ ಕಾದಂಬರಿಯ ಆ ಸಾಕ್ಷಿಗೂ ಪರಸ್ಪರ ಸಂಬಂಧವಿಲ್ಲ. ಆದರೂ ಎರಡೂ ಒಂದೇ ಮನೋಧರ್ಮವನ್ನು ಹಿಡಿದಿವೆ. ಕ್ಯಾರಿಯು ಆ ಸಭೆಯಲ್ಲಿ ಯಾರಿಗೂ ಬಂಧುವಾಗಿರಲಿಲ್ಲ. ಚಿಕ್ಕಂದಿನಿಂದಲೂ ಅವಳನ್ನು ನಗೆಗೆ ಆಲಂಬನವನ್ನಾಗಿ ಮಾಡಿಕೊಂಡವರಿಗೆ, ಅವಳ ದುಃಖವು ಎದುರಿಗೆ ಬಂದಾಗಲೂ ಕರುಣವು ಉದಯಿಸಲು ಆಸ್ಪದವುಳಿದಿರಲಿಲ್ಲ. ಒಬ್ಬರನ್ನು ಬಹುಕಾಲ ನಕ್ಕವರು ಅವರಿಗಾಗಿ ಅಳುವ ಸಾಮರ್ಥ್ಯವನ್ನು ಕಳೆದುಕೊಳ್ಳುವರೆಂಬುದೇ ಈ ಕಾದಂಬರಿಯು ತೋರಿಸುವ ಭಯಂಕರವಾದ ಸತ್ಯ. ಮನೋಬಲದಿಂದ ಹೊತ್ತಿದ ಬೆಂಕಿಯು ಆ ಸತ್ಯಕ್ಕೆ ಕೊಟ್ಟ ದೃಶ್ಯರೂಪವಷ್ಟೆ.

ನಗೆಯಿಂದ ನಾಶವು ಹುಟ್ಟುವುದೆಂಬುದು ಭಾರತೀಯರಿಗೆ ಹೊಸ ಮಾತಲ್ಲ. ಮಯನಿರ್ಮಿತವಾದ ಸಭೆಯಲ್ಲಿ ನೀರನ್ನು ನೆಲವೆಂದು ಭ್ರಮಿಸಿ ಬಿದ್ದ ದುರ್ಯೋಧನನನ್ನು ಕಂಡು ಭೀಮಸೇನಾದಿಗಳು ನಕ್ಕುದನ್ನೂ, ಆ ನಗೆಯು ಅವನ ಎದೆಯಲ್ಲಿ ನೆಟ್ಟು ದ್ಯೂತಕ್ಕೆ ದಾರಿಯಾದುದನ್ನೂ ವ್ಯಾಸರು ಸಭಾಪರ್ವದಲ್ಲಿ ಹೇಳಿರುವರು. ಆದರೆ ದುರ್ಯೋಧನನಿಗೆ ತಂದೆಯುಂಟು, ಮಾವನುಂಟು, ತೊಂಬತ್ತೊಂಬತ್ತು ಮಂದಿ ತಮ್ಮಂದಿರುಂಟು. ಹೇಳಿಕೊಳ್ಳುವುದಕ್ಕೆ ಬಾಯಿಯೂ ಉಂಟು. ಕ್ಯಾರಿಗೆ ಇವೊಂದೂ ಇಲ್ಲ.

೬. ರಚನಾಕ್ರಮದ ಔಚಿತ್ಯ

ಗ್ರಂಥದ ರಚನೆಯು ಈ ಅರ್ಥಕ್ಕೆ ಪೋಷಕವಾಗಿದೆ. ನಿರಂತರವಾದ ಕಥಾನಿರೂಪಣೆಯ ನಡುನಡುವೆ ಪತ್ರಿಕಾವಾರ್ತೆಗಳು, ವಿದ್ವಾಂಸನೊಬ್ಬನ ಸಂಶೋಧನಗ್ರಂಥದ ಭಾಗಗಳು, ಸರ್ಕಾರದ ವಿಚಾರಣಾಮಂಡಲಿಯ ಮುಂದೆ ಕೊಟ್ಟ ಸಾಕ್ಷ್ಯಗಳು, ಸೂ ಸ್ನೆಲ್ಲಳ ಆತ್ಮಕಥನ ಮುಂತಾದುವು ಬರುವುವು. ಇವೆಲ್ಲವೂ ಕಲ್ಪಿತಗಳೇ. ಕ್ಯಾರಿಯು ಬದುಕಿದ್ದಾಗ ಅವಳ ವಿಷಯದಲ್ಲಿ ಯಾರೂ ಒಂದು ಪುಟವನ್ನೂ ಬರೆಯಲಿಲ್ಲ. ಸತ್ತ ಮೇಲೆ ಎಲ್ಲರೂ ಬರೆಯುವರು. ಆ ಬರೆವಣಿಗೆಗಳಲ್ಲಿ ಶಕ್ತಿಯು ವಂಶಪಾರಂಪರ್ಯವಾಗಿ ಬರುವ ಬಗೆಯ ಚರ್ಚೆಯುಂಟು, ಕಾಲನಿರ್ಣಯವುಂಟು, ಹೊಣೆಯನ್ನು ಒಬ್ಬರ ಮೇಲೊಬ್ಬರು ಹೊರಿಸುವ ವಾದವುಂಟು. ಅವಳು ಆ ರಾತ್ರಿಯ ಮೊದಲ ಭಾಗದಲ್ಲಿ ಎಷ್ಟು ಸಂತೋಷದಿಂದಿದ್ದಳೆಂಬುದು ಮಾತ್ರ ಪಂಡಿತರ ದಾಖಲೆಗಳಲ್ಲಿಲ್ಲ. ಅದನ್ನು ಬಲ್ಲವರು ವಾಚಕರು. ಹೀಗೆ ಜ್ಞಾನಕ್ಕೂ ಸಹಾನುಭೂತಿಗೂ ಇರುವ ಅಂತರವನ್ನು ಗ್ರಂಥದ ಆಕಾರವೇ ತೋರಿಸಿಕೊಡುವುದು. ಇಂಥ ಘಟನೆಯು ಮರುಕಳಿಸಲು ಕಾರಣವಿಲ್ಲವೆಂದು ವಿಚಾರಣಾಮಂಡಲಿಯು ನಿರ್ಣಯಿಸುವುದು. ಅದರ ಬೆನ್ನಲ್ಲಿಯೇ, ದೂರದ ಟೆನೆಸೀ ಪ್ರಾಂತದ ತಾಯಿಯೊಬ್ಬಳು ತನ್ನ ಹಸುಳೆಯಲ್ಲಿ ಅದೇ ಶಕ್ತಿಯು ಕಾಣುತ್ತಿರುವುದನ್ನು ಹೆಮ್ಮೆಯಿಂದ ಬರೆದ ಪತ್ರದಿಂದ ಕಾದಂಬರಿಯು ಮುಗಿಯುವುದು.

೧೮೧೮ರಲ್ಲಿ ಪ್ರಕಟವಾದ ಮೇರಿ ಷೆಲ್ಲಿಯ ‘ಫ್ರಾಂಕನ್‌ಸ್ಟೈನ್’ ಎಂಬ ಕಾದಂಬರಿಯೊಡನೆ ಇದನ್ನು ಹೋಲಿಸಿ ನೋಡಬಹುದು. ಅಲ್ಲಿಯೂ ಎಲ್ಲರಿಂದ ಬಹಿಷ್ಕೃತವಾದ ಜೀವಿಯೊಂದು ಸೇಡಿಗೆ ತಿರುಗುವುದು. ಬಡಸಂಸಾರವೊಂದನ್ನು ಮರೆಯಿಂದ ನೋಡುತ್ತ ಮಾತನ್ನು ಕಲಿತು, ಅವರ ಸ್ನೇಹವನ್ನು ಬಯಸಿ ಎದುರಿಗೆ ಬಂದಾಗ, ರೂಪವನ್ನು ಕಂಡು ಹೆದರಿದವರಿಂದ ಅದು ಪೆಟ್ಟುತಿನ್ನುವುದು. ಆದರೆ ಆ ಜೀವಿಯು ತನ್ನನ್ನು ಸೃಷ್ಟಿಸಿದವನ ಎದುರಿನಲ್ಲಿ ಕುಳಿತು ತನ್ನ ಅಳಲನ್ನು ಅಧ್ಯಾಯಗಟ್ಟಲೆ, ವಾಗ್ಮಿಯಂತೆ, ಹೇಳಿಕೊಳ್ಳುವುದು. ಕ್ಯಾರಿಗೆ ಆ ವಾಗ್ವಿಲಾಸವಿಲ್ಲ. ಅವಳು ಮಂದಳಂತೆಯೂ ಒಡ್ಡೊಡ್ಡಾಗಿಯೂ ಕಾಣುವವಳು. ಕಂಡೊಡನೆ ಪ್ರೀತಿಯನ್ನು ಹುಟ್ಟಿಸುವವಳಲ್ಲ. ಸ್ನಾನದ ಮನೆಯ ಪ್ರಕರಣದಲ್ಲಿ ಅವಳನ್ನು ರಕ್ಷಿಸಲು ಬಂದ ಉಪಾಧ್ಯಾಯಿನಿಗೂ ಮೊದಲು ಹುಟ್ಟುವುದು ಜುಗುಪ್ಸೆಯೇ. ಸುಂದರಿಯೂ ಸುಶೀಲೆಯೂ ಆದ ನಾಯಿಕೆಗಾಗಿ ಮರುಗುವುದು ಸುಲಭ. ಮರುಕಕ್ಕೆ ಒಗ್ಗದವರಂತೆ ತೋರುವವರಿಗಾಗಿ ಮರುಗುವುದೇ ಪರೀಕ್ಷೆ. ಆ ಪರೀಕ್ಷೆಗೆ ವಾಚಕರನ್ನು ಒಡ್ಡಿರುವುದು ಈ ಗ್ರಂಥದ ವಿಶೇಷ.

೭. ರೂಪಾಂತರಗಳು

೧೯೭೬ರಲ್ಲಿ ಬ್ರಯನ್ ಡಿ ಪಾಲ್ಮ ಅವರು ಈ ಕಥೆಯನ್ನು ಚಲಚ್ಚಿತ್ರವನ್ನಾಗಿ ಮಾಡಿದರು. ಮಗಳ ಪಾತ್ರವನ್ನು ವಹಿಸಿದ ಸಿಸ್ಸಿ ಸ್ಪೇಸೆಕ್ ಅವರೂ ತಾಯಿಯ ಪಾತ್ರವನ್ನು ವಹಿಸಿದ ಪೈಪರ್ ಲಾರಿ ಅವರೂ ಆಸ್ಕರ್ ಪಾರಿತೋಷಕಕ್ಕೆ ಸೂಚಿತರಾದರು. ಚಿತ್ರದಲ್ಲಿ ದಾಖಲೆಗಳಿಲ್ಲ, ಊರಿನ ದಹನವಿಲ್ಲ. ನಾಶವು ಮುಖ್ಯವಾಗಿ ಶಾಲೆಯ ಸಭಾಂಗಣಕ್ಕೂ ತಾಯಿಮನೆಗೂ ಸೀಮಿತವಾಗಿದೆ. ಅದರ ಬದಲು, ಶಾಲೆಯ ಮುಖ್ಯೋಪಾಧ್ಯಾಯನು ಹುಡುಗಿಯ ಹೆಸರನ್ನೇ ತಪ್ಪಾಗಿ ಕರೆಯುವ ಚಿಕ್ಕ ಸನ್ನಿವೇಶದಿಂದ ಅವಳ ಅನಾಥತ್ವವನ್ನು ಸೂಚಿಸಲಾಗಿದೆ. ೧೯೮೮ರಲ್ಲಿ ನ್ಯೂಯಾರ್ಕಿನ ಬ್ರಾಡ್ವೇ ರಂಗಭೂಮಿಯಲ್ಲಿ ಸಂಗೀತನಾಟಕವಾಗಿ ಪ್ರದರ್ಶಿತವಾದಾಗ ಕಥೆಯು ಜಯವನ್ನು ಪಡೆಯಲಿಲ್ಲ. ಅಧಿಕೃತವಾದ ಐದು ಪ್ರದರ್ಶನಗಳಿಗೇ ನಾಟಕವು ನಿಂತುಹೋಯಿತು. ೨೦೧೨ರಲ್ಲಿ ತಿದ್ದಲ್ಪಟ್ಟು ಮರಳಿ ರಂಗಕ್ಕೆ ಬಂದ ತರುವಾಯ ಅದನ್ನು ಹವ್ಯಾಸಿ ತಂಡಗಳೂ ವಿದ್ಯಾರ್ಥಿಗಳೂ ಆಡತೊಡಗಿದರು. ಎಂಥ ಸಭಾಂಗಣದಲ್ಲಿ ಕಥೆಯ ಅನರ್ಥವು ನಡೆಯುವುದೋ ಅಂಥದೇ ಸಭಾಂಗಣದಲ್ಲಿ, ಅದೇ ವಯಸ್ಸಿನ ಮಕ್ಕಳು, ನಗುವವರ ಪಾತ್ರವನ್ನೂ ನಗೆಗೀಡಾದವಳ ಪಾತ್ರವನ್ನೂ ತಾವೇ ವಹಿಸಿ ಆಡುವುದು ಗಮನಾರ್ಹವಾದ ಸಂಗತಿ. ೨೦೦೨ರಲ್ಲಿ ದೂರದರ್ಶನಕ್ಕಾಗಿಯೂ ೨೦೧೩ರಲ್ಲಿ ಚಿತ್ರಮಂದಿರಗಳಿಗಾಗಿಯೂ ಕಥೆಯು ಮತ್ತೆ ಚಿತ್ರಿತವಾಯಿತು.

೮. ಒಂದು ಆಕ್ಷೇಪ, ಅದರ ಪರಿಹಾರ

ಇಂಥ ಗ್ರಂಥವನ್ನು ಎಳೆಯರ ಕೈಗೆ ಕೊಡಬಹುದೇ ಎಂಬ ಆಕ್ಷೇಪವು ಅಮೇರಿಕದಲ್ಲಿ ಹಲವು ಸಲ ಎದ್ದಿದೆ. ೧೯೯೦ರಿಂದ ೧೯೯೯ರವರೆಗೆ ಅತ್ಯಧಿಕವಾಗಿ ಆಕ್ಷೇಪಿಸಲ್ಪಟ್ಟ ನೂರು ಗ್ರಂಥಗಳೆಂದು ಅಲ್ಲಿಯ ಗ್ರಂಥಾಲಯಸಂಘವು ಪ್ರಕಟಿಸಿದ ಪಟ್ಟಿಯಲ್ಲಿ ‘ಕ್ಯಾರಿ’ಯೂ ಸೇರಿದೆ. ಈ ಆಕ್ಷೇಪವನ್ನು ಹಗುರವಾಗಿ ಕಾಣತಕ್ಕದ್ದಲ್ಲ. ಏಕೆಂದರೆ ಗ್ರಂಥಕರ್ತರೇ ತಮ್ಮ ಇನ್ನೊಂದು ಕೃತಿಯ ವಿಷಯದಲ್ಲಿ ಅದನ್ನು ಮನ್ನಿಸಿರುವರು. ರಿಚರ್ಡ್ ಬಾಕ್‌ಮನ್ ಎಂಬ ಕೃತಕನಾಮದಿಂದ ಅವರು ೧೯೭೭ರಲ್ಲಿ ಪ್ರಕಟಿಸಿದ ‘ರೇಜ್’ ಎಂಬ ಕಾದಂಬರಿಯಲ್ಲಿ ವಿದ್ಯಾರ್ಥಿಯೊಬ್ಬನು ಬಂದೂಕನ್ನು ಹಿಡಿದು ಉಪಾಧ್ಯಾಯರನ್ನು ಕೊಂದು ತರಗತಿಯನ್ನು ಸೆರೆಹಿಡಿಯುವನು. ಶಾಲೆಗಳಲ್ಲಿ ನಿಜವಾಗಿಯೇ ಗುಂಡಿನ ಹತ್ಯೆಗಳು ನಡೆದು, ೧೯೯೭ರ ಡಿಸೆಂಬರಿನಲ್ಲಿ ಕೆಂಟುಕಿ ಪ್ರಾಂತದ ದುರ್ಘಟನೆಯೂ ಸಂಭವಿಸಿದ ಮೇಲೆ, ಕಿಂಗ್ ಅವರು ಆ ಗ್ರಂಥದ ಮುದ್ರಣವನ್ನು ನಿಲ್ಲಿಸಿಬಿಟ್ಟರು. ೨೦೧೩ರ ‘ಗನ್ಸ್’ ಎಂಬ ಪ್ರಬಂಧದಲ್ಲಿ ಇದಕ್ಕೆ ಕಾರಣವನ್ನೂ ವಿವರಿಸಿದರು. ‘ಕ್ಯಾರಿ’ಯು ಮಾತ್ರ ಮುದ್ರಣದಲ್ಲಿ ಉಳಿದಿದೆ.

ಎರಡಕ್ಕೂ ವ್ಯತ್ಯಾಸವೇನು? ಮೊದಲನೆಯದಾಗಿ, ಬಂದೂಕು ಲೋಕದಲ್ಲಿ ಕೈಗೆ ಸಿಗುವ ವಸ್ತು. ಮನೋಬಲದ ಬೆಂಕಿಯು ಹಾಗಲ್ಲ. ಎರಡನೆಯದಾಗಿ, ‘ರೇಜ್’ನಲ್ಲಿ ಕಥೆಯನ್ನು ಹೇಳುವವನೇ ಕೊಂದವನು; ಸೆರೆಯಲ್ಲಿರುವ ಸಹಪಾಠಿಗಳೂ ಕ್ರಮೇಣ ಅವನ ಪಕ್ಷಕ್ಕೆ ವಾಲುವರು. ವಾಚಕರಿಗೆ ನಿಲ್ಲಲು ಇನ್ನೊಂದು ಎಡೆಯಿಲ್ಲ. ‘ಕ್ಯಾರಿ’ಯಲ್ಲಿ ಸುಟ್ಟವಳ ಎದೆಯೊಳಕ್ಕೂ ಪ್ರವೇಶವುಂಟು, ಸುಟ್ಟುಹೋದವರ ಮತ್ತು ಬದುಕುಳಿದವರ ಮಾತಿಗೂ ಎಡೆಯುಂಟು. ಪೀಡಿತಳಿಗಾಗಿ ಮರುಗುವ ವಾಚಕರು ಅವಳ ಕೃತ್ಯಕ್ಕೆ ಸಮ್ಮತಿಯನ್ನು ಕೊಡಬೇಕಾಗಿಲ್ಲ. ಕರುಣೆಯು ಬೇರೆ, ಅನುಮೋದನೆಯು ಬೇರೆ. ಇವೆರಡನ್ನೂ ಬೇರ್ಪಡಿಸಿ ಹಿಡಿಯಲು ಕಲಿಸುವ ಗ್ರಂಥವು ಎಳೆಯರಿಗೆ ಅಪಕಾರಿಯಾಗುವುದೆಂದು ಹೇಳುವುದು ಕಷ್ಟ.

೯. ಉಪಸಂಹಾರ

ಕಾದಂಬರಿಯ ಕೊನೆಯ ಭಾಗದಲ್ಲಿ, ಸಾಯುತ್ತ ಬಿದ್ದಿರುವ ಕ್ಯಾರಿಯನ್ನು ಸೂ ಸ್ನೆಲ್ಲಳು ಹುಡುಕಿಕೊಂಡು ಬರುವಳು. ಇವಳೂ ತನ್ನನ್ನು ವಂಚಿಸಿದವಳೆಂದೇ ಕ್ಯಾರಿಯು ನಂಬಿರುವಳು. ಆಗ ಸೂ ಸ್ನೆಲ್ಲಳು ತನ್ನ ಮನಸ್ಸನ್ನೇ ತೆರೆದು ನೋಡಿಕೊಳ್ಳುವಂತೆ ಹೇಳುವಳು. ಕ್ಯಾರಿಯು ಒಳಹೊಕ್ಕು ನೋಡಿ, ಅಲ್ಲಿ ದ್ವೇಷವನ್ನು ಕ್ಷಣಮಾತ್ರವೂ ಕಾಣದೆ, ಪ್ರಾಣಬಿಡುವಳು. ಅವಳ ಬಾಳಿನಲ್ಲಿ ಒಬ್ಬರು ಅವಳಿಗೆ ಬಂಧುವಾದುದು ಆ ಕೆಲವು ನಿಮಿಷಗಳಲ್ಲಿ ಮಾತ್ರ. ಅದು ಸ್ನಾನದ ಮನೆಯಲ್ಲಿ ಆಗಬೇಕಾಗಿತ್ತು, ಸಭೆಯಲ್ಲಿಯಾದರೂ ಆಗಬೇಕಾಗಿತ್ತು. ತಡವಾಗಿ ಆಯಿತು.

ಆ ತಡವನ್ನು ಪ್ರತಿಯೊಂದು ಹೊಸ ತಲೆಮಾರಿನ ವಾಚಕರೂ ತಮ್ಮದೆಂದು ಗುರುತಿಸುವುದರಿಂದಲೇ ಗ್ರಂಥವು ಹಳೆಯದಾಗಿಲ್ಲ. ಶಾಲೆಯೆಂಬುದಿರುವವರೆಗೆ, ನಗಲ್ಪಟ್ಟವರೂ, ನಕ್ಕವರೂ, ನಗದೆ ಸುಮ್ಮನೆ ನೋಡುತ್ತಿದ್ದವರೂ ಇದ್ದೇ ಇರುವರು. ಮೊದಲನೆಯವರು ಈ ಗ್ರಂಥದಲ್ಲಿ ತಮ್ಮನ್ನು ಕಾಣುವರೆಂಬುದು ಸ್ಪಷ್ಟವೇ. ಉಳಿದ ಇಬ್ಬರೂ ತಮ್ಮನ್ನು ಕಾಣುವರೆಂಬುದೇ ಅದರ ಬಲ. ಪುಸ್ತಕವನ್ನು ಮುಚ್ಚಿದ ಮೇಲೆ, ತಾವು ಎಂದೋ ನಕ್ಕು ಮರೆತುಬಿಟ್ಟಿದ್ದ ಸಹಪಾಠಿಯೊಬ್ಬರ ಹೆಸರು ವಾಚಕರ ನೆನಪಿಗೆ ಬಂದರೆ, ಈ ಭಯಾನಕವು ತನ್ನ ಕಾರ್ಯವನ್ನು ನೆರವೇರಿಸಿದಂತಾಯಿತು.